ಹೊಟ್ಟೆ ಕೊಯ್ಯದೆ ಕ್ಯಾನ್ಸರ್ ತೆಗೆಯುವುದು

ಜಠರದ ಕ್ಯಾನ್ಸರ್ ಅಂದ ತಕ್ಷಣ ಹೊಟ್ಟೆ ಕೊಯ್ಯಲೇಬೇಕು ಅಂತ ತುಂಬಾ ಜನ ಹೆದರುತ್ತಾರೆ. ಶುರುವಿನಲ್ಲೇ ಸಿಕ್ಕರೆ ಎಷ್ಟೋ ಸಲ ಅದು ಬೇಕಾಗುವುದಿಲ್ಲ. ಇತ್ತೀಚೆಗೆ ಇದರ ಬಗ್ಗೆಯೇ ಓದುತ್ತಿದ್ದೇನೆ.

ಇಎಸ್‌ಡಿ (ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್) ಅಂತ ಒಂದು ವಿಧಾನ. 1990ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯರು ರೂಪಿಸಿದ್ದು. ಬಾಯಿಯ ಮೂಲಕ ಎಂಡೋಸ್ಕೋಪ್, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆ, ಇಳಿಸುತ್ತಾರೆ. ಕ್ಯಾನ್ಸರ್ ಇರುವ ಜಾಗದ ಸುತ್ತ ಚುಕ್ಕಿ ಗುರುತು ಹಾಕಿ, ಒಳಪದರದ ಅಡಿಗೆ ದ್ರವ ಚುಚ್ಚಿ, ಗುಳ್ಳೆಯ ಹಾಗೆ ಮೇಲೆತ್ತುತ್ತಾರೆ. ಆಮೇಲೆ ಕರೆಂಟಿನಿಂದ ಕೆಲಸ ಮಾಡುವ ಪುಟ್ಟ ಚಾಕುವಿನಿಂದ ಸುತ್ತಲೂ ಕೊಯ್ದು, ಅಡಿಯಿಂದ ನಿಧಾನವಾಗಿ ಬಿಡಿಸಿ, ಒಂದೇ ತುಂಡಾಗಿ ತೆಗೆಯುತ್ತಾರೆ. ಒಂದೇ ತುಂಡು ಅನ್ನುವುದು ಇಲ್ಲಿ ತುಂಬಾ ಮುಖ್ಯ. ಅಂಚಿನಲ್ಲಿ ಏನಾದರೂ ಉಳಿದಿದೆಯಾ, ಎಷ್ಟು ಆಳಕ್ಕೆ ಇಳಿದಿದೆ ಅಂತ ಮೈಕ್ರೋಸ್ಕೋಪಿನಲ್ಲಿ ಸರಿಯಾಗಿ ತಿಳಿಯುವುದು ಹಾಗಿದ್ದಾಗಲೇ. ಜಠರವೂ ಉಳಿಯುತ್ತದೆ. ಮುಂದೆ ಊಟ ಮಾಡಿಕೊಂಡು ಬದುಕಬೇಕಾದವರಿಗೆ ಇದು ಎಷ್ಟು ದೊಡ್ಡದು ಅಲ್ವಾ!

ಎಲ್ಲರಿಗೂ ಇದು ಆಗುವುದಿಲ್ಲ. ಆಳಕ್ಕೆ ಇಳಿದಿದ್ದರೆ ಲಿಂಫ್ ಗ್ರಂಥಿಗಳಿಗೂ ಹಬ್ಬಿರುವ ಸಾಧ್ಯತೆ ಜಾಸ್ತಿ. ಆಗ ಆಪರೇಷನ್ನೇ ಬೇಕು. ಅದನ್ನೂ ಈಗ ಎಷ್ಟೋ ಸಲ ಸಣ್ಣ ರಂಧ್ರಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲಿ ಮಾಡುತ್ತಾರೆ.

ನನ್ನನ್ನು ಕಾಡುವುದು ಒಂದೇ. ಶುರುವಿನಲ್ಲಿ ಈ ಕಾಯಿಲೆಗೆ ಹೆಚ್ಚಾಗಿ ಲಕ್ಷಣಗಳೇ ಇರುವುದಿಲ್ಲ. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ದೇಶದ ಮಟ್ಟದಲ್ಲೇ ತಪಾಸಣೆ ನಡೆಯುವುದರಿಂದ ಅಲ್ಲಿ ಬೇಗ ಸಿಗುತ್ತದೆ. ಉಳಿದ ಕಡೆ ಬಹಳ ಜನಕ್ಕೆ ಗೊತ್ತಾಗುವ ಹೊತ್ತಿಗೆ ಈ ದಾರಿ ಮುಚ್ಚಿರುತ್ತದೆ.