ಮರದ ಹತ್ತಿರ, 1 ಮೀಟರ್

ಹಳೇ ಫೈಲಿನಲ್ಲಿ ಇದ್ದದ್ದು ಇಷ್ಟೇ: "ಮರದ ಹತ್ತಿರ, 1 ಮೀಟರ್ ಆಳ. ಸೀಸ: ಇಲ್ಲ." ಯಾರಪ್ಪಾ ಹೀಗೆ ಬರೆದವರು ಅಂತ ಬೈಯೋಣ ಅಂದರೆ, ಕೈಬರಹ ನನ್ನದೇ.

ಒಂದು ಕಾಲಕ್ಕೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಜಾಗ ಅದು. ಆರು ವರ್ಷದ ಹಿಂದೆ ಅಲ್ಲಿ ಮಣ್ಣಿನ ಸ್ಯಾಂಪಲ್ ತೆಗೆದಿದ್ದೆ. ಈಗ ಜಾಗ ಮಾರಾಟಕ್ಕಿತ್ತು, ಮತ್ತೆ ಪರೀಕ್ಷೆ ಆಗಬೇಕಿತ್ತು. ಹಳೇ ಗುಂಡಿಯ ಪಕ್ಕದಲ್ಲೇ ತೆಗೆದರಾಯಿತು, ಅರ್ಧ ದಿನದ ಕೆಲಸ ಅಂದುಕೊಂಡು ಹೋದೆ.

ಹೋಗಿ ನೋಡಿದರೆ ಮರವೇ ಇಲ್ಲ. ಬುಡವೂ ಕಾಣಲಿಲ್ಲ. ಎಲ್ಲಿಂದಲೋ ಮಣ್ಣು ತಂದು ಸುರಿದು ಮಟ್ಟ ಮಾಡಿದ್ದರು. ನನ್ನ 1 ಮೀಟರನ್ನು ಈಗ ಎಲ್ಲಿಂದ ಅಳೆಯುವುದು?

ಸುಮ್ನೆ ಒಂದು ಕಡೆ ಆಗರ್, ಅಂದರೆ ಮಣ್ಣು ಕೊರೆದು ಮೇಲೆತ್ತುವ ಸಲಕರಣೆ, ಇಳಿಸಿದೆವು. 60 ಸೆಂಟಿಮೀಟರ್ ತನಕ ಬರೀ ಕೆಂಪು ಮಣ್ಣು. ಆಮೇಲೆ ಕಪ್ಪು ಪಟ್ಟಿ, ಅದರೊಳಗೆ ಉಗುರಿನಷ್ಟು ಅಗಲದ ಬ್ಯಾಟರಿ ಡಬ್ಬಿಯ ಚೂರುಗಳು. ಅದೇ ಹಳೇ ನೆಲ. ಸೀಸ ಸಾಮಾನ್ಯವಾಗಿ ಮಣ್ಣಿಗೆ ಅಂಟಿಕೊಂಡು ಮೇಲೆಯೇ ಉಳಿಯುತ್ತದೆ, ಅಷ್ಟು ಸುಲಭವಾಗಿ ಕೆಳಗಿಳಿಯುವುದಿಲ್ಲ. ಅಂದರೆ ಅವತ್ತು ನಾನು 1 ಮೀಟರ್ ಕೆಳಗೆ ಹುಡುಕಿ, ಮೇಲಿನ ಒಂದು ಗೇಣನ್ನು ಬಿಟ್ಟೇಬಿಟ್ಟಿದ್ದೆ!

ಆ "ಇಲ್ಲ" ಇನ್ನೂ ಜಾಸ್ತಿ ಚುಚ್ಚಿತು. ಲ್ಯಾಬಿನವರು ಹಾಗೆ ಬರೆಯುವುದಿಲ್ಲ. ಯಂತ್ರ ಹಿಡಿಯಬಲ್ಲ ಕನಿಷ್ಠ ಮಟ್ಟವನ್ನು ಹೇಳಿ, ಅದಕ್ಕಿಂತ ಕಡಿಮೆ ಅನ್ನುತ್ತಾರೆ. ಆ ಅಂಕಿಯನ್ನು ಬಿಟ್ಟು "ಇಲ್ಲ" ಮಾಡಿದ್ದು ನಾನು. ಪರೀಕ್ಷೆ ಮಾಡಿ ಸಿಗಲಿಲ್ಲವೋ, ಪರೀಕ್ಷೆಯೇ ಆಗಲಿಲ್ಲವೋ, ಓದಿದವರಿಗೆ ಹೇಗೆ ಗೊತ್ತಾಗಬೇಕು?

ಅಮೆರಿಕದ ಲವ್ ಕೆನಾಲ್ ಅನ್ನುವ ಜಾಗವನ್ನು ಶಾಲಾ ಮಂಡಳಿಗೆ ಕೊಟ್ಟ 1953ರ ಹಸ್ತಾಂತರ ಪತ್ರದಲ್ಲಿ ಕೆಮಿಕಲ್ ಕಸ ತುಂಬಿದ ವಿಷಯ ಬರೆದೇ ಇತ್ತು. ಆದರೂ ಶಾಲೆ ಎದ್ದಿತು, ಆ ಕಸದಿಂದಾಗಿಯೇ 1978ರಲ್ಲಿ ತುರ್ತುಸ್ಥಿತಿ ಘೋಷಿಸಬೇಕಾಯಿತು. ಅಲ್ಲಿ ಬರೆದಿದ್ದೂ ಹಾಗಾಯಿತು. ನಾನಂತೂ ಸರಿಯಾಗಿ ಬರೆದೂ ಇರಲಿಲ್ಲ.

ಈ ಸಲ ಗೋಡೆಯ ಎರಡು ಮೂಲೆಗಳಿಂದ ಟೇಪ್ ಹಿಡಿದೆವು. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅದೊಂದನ್ನೇ ನಂಬಿದರೆ ಆಗದು. ಸುರಿದ ಮಣ್ಣಿನ ದಪ್ಪ ಬೇರೆ, ಹಳೇ ನೆಲದಿಂದ ಆಳ ಬೇರೆ ಬರೆದೆ. "ಸಾರ್, ಬಿಸಿಲು ಏರ್ತಿದೆ" ಅಂದ ಜೊತೆಗಿದ್ದ ಹುಡುಗ. ಅಂದರೂ ಸ್ಕೇಲ್ ಇಟ್ಟು ಫೋಟೊ ತೆಗೆಸಿದೆ.

ಹಳೇ ಸಾಲನ್ನು ಅಳಿಸಲಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಬರೆದೆ: "ಯಾವ ಮರ, ಎಷ್ಟು ದೂರ, ದಾಖಲಿಸಿಲ್ಲ. ಮೇಲ್ಮಣ್ಣು ಪರೀಕ್ಷಿಸಿಲ್ಲ." ಕೆಳಗೆ ತಾರೀಖು, ಸಹಿ.