ಬಿಡಿಎಸ್‌ಗಾಗಿ ಇನ್ನೊಮ್ಮೆ ನೀಟ್: ಮೊದಲು ಹಳೆಯ ತಪ್ಪುಗಳನ್ನು ವಿಂಗಡಿಸಿ

22 ಜೂನ್ 2025, ಭಾನುವಾರ
ಶಿವಮೊಗ್ಗ

2025ರ ನೀಟ್ ಫಲಿತಾಂಶ ಜೂನ್ 14ಕ್ಕೆ ಬಂತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಈಗ ಒಂದೇ ಪ್ರಶ್ನೆ: ಬಿಡಿಎಸ್‌ಗೂ (ದಂತ ವೈದ್ಯ ಪದವಿಗೂ) ಸಾಲದಷ್ಟು ಅಂಕ ಬಂದಿದೆ, ಇನ್ನೊಂದು ವರ್ಷ ಓದಿಸೋಣವೇ? ಓದಿಸಬಹುದು. ಆದರೆ ಹೋದ ಅಂಕ ಎಲ್ಲಿ ಹೋಯಿತು ಎಂದು ಹುಡುಕದೆ ಮತ್ತೆ ಮೊದಲ ಪಾಠದಿಂದ ಶುರು ಮಾಡಿದರೆ ಮುಂದಿನ ಮೇ ತಿಂಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂಕಕ್ಕೆ ಬಂದು ನಿಲ್ಲುತ್ತೇವೆ. ಎರಡನೇ ಸಲ ಬರೆಯುವವರಿಗೆ ಹೊಸಬರಿಗಿಲ್ಲದ ಒಂದು ಅನುಕೂಲವಿದೆ. ನಿಜವಾದ ಪರೀಕ್ಷೆಯಲ್ಲಿ ತಾವು ಮಾಡಿದ ತಪ್ಪುಗಳ ಪೂರ್ತಿ ದಾಖಲೆ ಅವರ ಕೈಯಲ್ಲಿದೆ. ಬಹಳ ಮಂದಿ ಬೇಸರದಲ್ಲಿ ಅದನ್ನು ಅಟ್ಟಕ್ಕೆ ಎಸೆದುಬಿಡುತ್ತಾರೆ.

ಬೇಕಾಗಿರುವುದು ಪರೀಕ್ಷೆಯ ದಿನ ಮನೆಗೆ ತಂದ ಪ್ರಶ್ನೆಪುಸ್ತಿಕೆ, ಆಕ್ಷೇಪಣೆಯ ಅವಧಿಯಲ್ಲಿ ಪರೀಕ್ಷೆ ನಡೆಸುವ ಸಂಸ್ಥೆ ಎನ್‌ಟಿಎ ತೋರಿಸಿದ ಓಎಂಆರ್ ಹಾಳೆಯ (ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ) ಚಿತ್ರ ಮತ್ತು ಅಂತಿಮ ಕೀ ಉತ್ತರ. ಕೀ ಉತ್ತರ ನಿಮ್ಮದೇ ಪುಸ್ತಿಕೆಯ ಸಂಕೇತದ್ದಾಗಿರಬೇಕು. ಸಂಕೇತ ಬದಲಾದರೆ ಪ್ರಶ್ನೆಗಳ ಕ್ರಮವೂ ಬದಲಾಗುತ್ತದೆ, ಹೋಲಿಕೆಯೆಲ್ಲ ತಲೆಕೆಳಗಾಗುತ್ತದೆ. ಅಂಕಪಟ್ಟಿಯಲ್ಲಿ ವಿಷಯವಾರು ಪರ್ಸೆಂಟೈಲ್ ಮತ್ತು ಒಟ್ಟು ಅಂಕ ಮಾತ್ರ ಇರುತ್ತದೆ. ಆದ್ದರಿಂದ ಯಾವ ವಿಷಯದಲ್ಲಿ ಎಷ್ಟು ಅಂಕ ಬಂತು ಎಂಬುದನ್ನು ನಾವೇ ಕೂಡಿಸಿ ನೋಡಬೇಕು.

ಆಮೇಲೆ ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು, ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು ಬಿಡಿ. ಪ್ರಶ್ನೆ ಸಂಖ್ಯೆ, ಪಾಠ, ಗುರುತು ಮಾಡಿದ ಉತ್ತರ, ಸರಿ ಉತ್ತರ, ಕೊನೆಗೆ ಕಾರಣ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸುವಾಗಿನ ತಾಳ್ಮೆ ಈ ಕಾರಣದ ಕಾಲಂಗೆ ಬೇಕು. ಪಾಠವೇ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಪ್ರಶ್ನೆಯನ್ನು ತಪ್ಪಾಗಿ ಓದಿದ್ದೇ? ಲೆಕ್ಕದಲ್ಲಿ ಜಾರಿದ್ದೇ? ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡು ತಪ್ಪಾದದ್ದನ್ನು ಆರಿಸಿದ್ದೇ? ಪೂರ್ತಿ ಕಣ್ಣುಮುಚ್ಚಿ ಹಾಕಿದ್ದೇ? ಪುಸ್ತಿಕೆಯಲ್ಲಿ ಸರಿ ಗುರುತು ಹಾಕಿ ಓಎಂಆರ್‌ನಲ್ಲಿ ಪಕ್ಕದ ಸಾಲು ತುಂಬಿದ್ದೇ? ಖಾಲಿ ಬಿಟ್ಟ ಪ್ರಶ್ನೆಗಳನ್ನೂ ಬರೆಯಬೇಕು. ಗೊತ್ತಿಲ್ಲದೆ ಬಿಟ್ಟದ್ದು ಬೇರೆ, ಸಮಯ ಸಾಲದೆ ಬಿಟ್ಟದ್ದು ಬೇರೆ. ಎಲ್ಲದಕ್ಕೂ ‘ಸಿಲ್ಲಿ ಮಿಸ್ಟೇಕ್’ ಎಂದು ಬರೆದುಕೊಂಡರೆ ಈ ಕೆಲಸವೇ ವ್ಯರ್ಥ. ಸೆಂಟಿಮೀಟರನ್ನು ಮೀಟರಿಗೆ ಬದಲಿಸಲು ಮರೆತದ್ದು, ಹತ್ತರ ಘಾತದಲ್ಲಿ ಋಣಚಿಹ್ನೆ ಬಿಟ್ಟದ್ದು, ‘ಸರಿಯಲ್ಲದ ಹೇಳಿಕೆ ಯಾವುದು’ ಎಂದು ಕೇಳಿದಾಗ ಸರಿಯಾದದ್ದನ್ನು ಗುರುತಿಸಿದ್ದು, ಹೀಗೆ ಬಿಡಿಸಿ ಬರೆದರೆ ಮಾತ್ರ ಯಾವ ತಪ್ಪು ಪದೇಪದೇ ಬರುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಈಗಿನ ಪತ್ರಿಕೆ 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಗೆ 4 ಸಿಗುತ್ತದೆ, ತಪ್ಪಿಗೆ 1 ಹೋಗುತ್ತದೆ. ಒಬ್ಬ ವಿದ್ಯಾರ್ಥಿ 165 ಪ್ರಶ್ನೆ ಮುಟ್ಟಿ 85 ಸರಿ, 80 ತಪ್ಪು ಮಾಡಿದ ಎಂದುಕೊಳ್ಳಿ. 340ರಲ್ಲಿ 80 ಕಳೆದು 260. ಆ 80ರಲ್ಲಿ 14 ಮಾತ್ರ ಓದುವಾಗಿನ ಅಥವಾ ಲೆಕ್ಕದ ತಪ್ಪು ಎಂದಾದರೂ, ಅವು ಸರಿಯಾದರೆ ಒಂದೊಂದಕ್ಕೆ 5 ಅಂಕದಂತೆ 70 ಅಂಕ ಏರುತ್ತದೆ. ಒಂದೇ ಒಂದು ಹೊಸ ಪಾಠ ಕಲಿಯದೆ 330. ಬಿಡಿಎಸ್ ಸೀಟಿನ ಆಸುಪಾಸಿನಲ್ಲಿ ನಿಂತವರಿಗೆ ಈ 70 ಅಂಕ ಬಹಳ ದೊಡ್ಡದು.

ಊಹೆಯ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಪೂರ್ತಿ ಕುರುಡಾಗಿ ನಾಲ್ಕು ಪ್ರಶ್ನೆಗೆ ಉತ್ತರ ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಉಳಿಯುವುದು ಒಂದೇ ಅಂಕ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿ ಉಳಿದೆರಡರಲ್ಲಿ ಒಂದನ್ನು ಹಿಡಿದರೆ, ಎರಡು ಪ್ರಶ್ನೆಗೆ ಸರಾಸರಿ 3 ಅಂಕ ಸಿಗುತ್ತದೆ. ಹಾಗಾಗಿ ಎರಡರ ನಡುವಿನ ಊಹೆಗೆ ಹೆದರಬೇಕಿಲ್ಲ. ಅಂಕ ತಿನ್ನುವುದು ಅರೆಜ್ಞಾನ. ಅರ್ಧ ಓದಿದವರಿಗೆ ಸರಿಯೆಂದೇ ಕಾಣುವ ಒಂದು ಆಯ್ಕೆಯನ್ನು ಪ್ರಶ್ನೆ ಮಾಡುವವರು ಬೇಕೆಂದೇ ಇಟ್ಟಿರುತ್ತಾರೆ. ಮಾದರಿ ಪರೀಕ್ಷೆ ಬರೆಯುವಾಗ ಎರಡರ ನಡುವಿನ ಪ್ರಶ್ನೆಗೆ ಚುಕ್ಕೆ, ಕುರುಡು ಊಹೆಗೆ ಸೊನ್ನೆ ಹಾಕಿಕೊಳ್ಳಿ. ಆಮೇಲೆ ಎಣಿಸಿ ನೋಡಿ. ಚುಕ್ಕೆ ಹಾಕಿದವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಸರಿಯಾಗುತ್ತಿದ್ದರೆ ಆ ಪಾಠ ಗೊತ್ತಿದೆ ಎಂಬ ನಂಬಿಕೆಯೇ ಸುಳ್ಳು.

ಅಂಕವನ್ನು ಕಳೆದ ವರ್ಷದ ಅಣ್ಣನ ಅಂಕದೊಂದಿಗೆ ಹೋಲಿಸಬೇಡಿ. 2024ರಲ್ಲಿ ಸಾಮಾನ್ಯ ವರ್ಗದ ಅರ್ಹತೆಯ ಗಡಿಯಾದ 50ನೇ ಪರ್ಸೆಂಟೈಲ್ 162 ಅಂಕಕ್ಕೆ ನಿಂತಿತ್ತು, 2025ರಲ್ಲಿ 144ಕ್ಕೆ. 2024ರಲ್ಲಿ 720ಕ್ಕೆ 720 ಪಡೆದವರಿದ್ದರು, 2025ರಲ್ಲಿ ದೇಶದ ಅತಿ ಹೆಚ್ಚು ಅಂಕವೇ 686. ಪತ್ರಿಕೆ ಕಠಿಣವಾದಾಗ ಎಲ್ಲರ ಅಂಕವೂ ಇಳಿಯುತ್ತದೆ. ನೋಡಬೇಕಾದದ್ದು ರ‍್ಯಾಂಕನ್ನು.

ಅದಕ್ಕೇ, ಮರುಪ್ರಯತ್ನ ಎಂದು ಈಗಲೇ ನಿರ್ಧರಿಸಿ ಈ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಿಂದ ಹೊರಗುಳಿಯುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಇಎ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಕಾಲೇಜುವಾರು, ವರ್ಗವಾರು, ಸುತ್ತುವಾರು ಇದೆ. ನಿಮ್ಮ ಸಾಲು ಯಾವುದು ಎಂದು ಮೊದಲು ತಿಳಿಯಿರಿ. 2ಎ ವರ್ಗವೆಂದರೆ ಒಂದೇ ಸಾಲಲ್ಲ. 2ಎಜಿ ಸಾಮಾನ್ಯ, 2ಎಆರ್ ಗ್ರಾಮೀಣ, 2ಎಕೆ ಕನ್ನಡ ಮಾಧ್ಯಮ. ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳ ರ‍್ಯಾಂಕ್ ಒಂದು ಬಗೆ, ಶಿವಮೊಗ್ಗದ ಶರಾವತಿ ಅಥವಾ ದಾವಣಗೆರೆಯ ಬಾಪೂಜಿಯಂಥ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾದ ಸೀಟಿನದು ಇನ್ನೊಂದು ಬಗೆ. ಮೊದಲ ಸುತ್ತಿನ ಸಂಖ್ಯೆ ನೋಡಿ ಕೈಚೆಲ್ಲಬೇಡಿ, ಕೊನೆಯ ಸುತ್ತಿನದನ್ನೂ ನೋಡಿ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್-1 ಎಂದರೆ ಒಪ್ಪಿ ಸೇರುವುದು, ಚಾಯ್ಸ್-2 ಎಂದರೆ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋಗುವುದು, ಚಾಯ್ಸ್-3 ಎಂದರೆ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಚಾಯ್ಸ್-4 ಎಂದರೆ ಪೂರ್ತಿ ಹೊರಬರುವುದು. ಗಡಿಬಿಡಿಯಲ್ಲಿ 2ರ ಬದಲು 3 ಒತ್ತಿದರೆ ಕೈಯಲ್ಲಿದ್ದದ್ದೂ ಹೋಗುತ್ತದೆ.

2020-21ರ ಸಾಲಿನಲ್ಲಿ ಬಿಡಿಎಸ್ ಸೀಟುಗಳು ಖಾಲಿ ಉಳಿದಾಗ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಅರ್ಹತಾ ಪರ್ಸೆಂಟೈಲನ್ನು 10ರಷ್ಟು ಇಳಿಸಿತ್ತು. ಅಂಥದ್ದು ಆಗಬಹುದು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಇನ್ನು ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಇಲ್ಲದಿದ್ದರೆ ನೀಟ್‌ನಲ್ಲಿ ಎಷ್ಟೇ ಬಂದರೂ ಪ್ರಯೋಜನವಿಲ್ಲ. ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ನೀಟ್‌ಗೆ ಪ್ರಯತ್ನದ ಮಿತಿಯಿಲ್ಲ, ಗರಿಷ್ಠ ವಯಸ್ಸೂ ಇಲ್ಲ. ಬಿಡಿಎಸ್ ಓದು ನಾಲ್ಕು ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಒಂದು ವರ್ಷ ತಡವಾದರೆ ಜೀವನ ಹಾಳಾಗುವುದಿಲ್ಲ ಎಂದು ಮನೆಯ ಹಿರಿಯರಿಗೆ ಹೇಳಬೇಕಾಗಿದೆ.

ಸೀಟು ಹಿಡಿದು ಮೊದಲ ವರ್ಷದ ಬಿಡಿಎಸ್ ಓದುತ್ತಲೇ ಮತ್ತೆ ನೀಟ್ ಬರೆಯುತ್ತೇನೆ ಎನ್ನುವವರಿಗೆ ಒಂದು ಮಾತು. ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಇರುತ್ತವೆ. ಜೊತೆಗೆ ದಂತರಚನೆ, ಮೇಣದಲ್ಲಿ ಹಲ್ಲು ಕೆತ್ತುವ ಅಭ್ಯಾಸ. ಎರಡು ದೋಣಿಗೂ ಕಾಲು ಸಾಲದು. ಸೀಟು ಬಿಟ್ಟರೆ ಶುಲ್ಕ, ದಂಡ, ಮೂಲ ದಾಖಲೆ ಏನಾಗುತ್ತವೆ ಎಂಬುದನ್ನು ಆ ವರ್ಷದ ಕೆಇಎ ಕೈಪಿಡಿಯಲ್ಲಿ ಓದಿಯೇ ಸೇರಿ.

ಈಗ ಓದಿನ ವಿಷಯ. ಅಣ್ಣ ಅಕ್ಕಂದಿರಿಂದ ಬಂದ ಹಳೆಯ ಗೈಡುಗಳಲ್ಲಿ 2024ರಲ್ಲಿ ಪಠ್ಯಕ್ರಮದಿಂದ ತೆಗೆದ ಪಾಠಗಳು ಹಾಗೇ ಇವೆ. ರಸಾಯನದಲ್ಲಿ ಘನಸ್ಥಿತಿ, ಪಾಲಿಮರ್, ಲೋಹಶಾಸ್ತ್ರ. ಜೀವಶಾಸ್ತ್ರದಲ್ಲಿ ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ. ದಂತ ವೈದ್ಯರಾಗಲು ಹೊರಟವರ ಪಠ್ಯದಿಂದಲೇ, ಹಲ್ಲಿನ ವಿವರಣೆಯಿದ್ದ ಜೀರ್ಣಕ್ರಿಯೆಯ ಪಾಠ ಹೋಯಿತಲ್ಲ ಎಂದು ಬೇಸರವಾಗುತ್ತದೆ. ಬದಲಿಗೆ ಪ್ರಾಯೋಗಿಕ ಭಾಗ ಸೇರಿದೆ. ವರ್ನಿಯರ್, ಸ್ಕ್ರೂ ಗೇಜ್, ಮೀಟರ್ ಬ್ರಿಡ್ಜ್, ಲವಣ ವಿಶ್ಲೇಷಣೆ, ಪರ್ಮಾಂಗನೇಟ್ ಟೈಟ್ರೇಶನ್. ಪಿಯುಸಿಯ ಪ್ರಾಯೋಗಿಕ ರೆಕಾರ್ಡ್ ಪುಸ್ತಕವನ್ನು ರದ್ದಿಗೆ ಹಾಕಬೇಡಿ, ಈ ಭಾಗಕ್ಕೆ ಅದಕ್ಕಿಂತ ಒಳ್ಳೆಯ ನೋಟ್ಸ್ ಇಲ್ಲ.

ನೀಟ್‌ಗೆ ಎರಡನೇ ಸಲ ಓದುವ ವರ್ಷದಲ್ಲಿ ದೊಡ್ಡ ಅಪಾಯ ಓದಿದ್ದನ್ನೇ ಓದುವುದು. ಪುಟ ಪರಿಚಿತವಾಗಿರುತ್ತದೆ, ಬರುತ್ತದೆ ಎನಿಸುತ್ತದೆ. ಪುಸ್ತಕ ಮುಚ್ಚಿ ಬರೆಯಲು ಕೂತರೆ ಬರುವುದಿಲ್ಲ. ಎನ್‌ಸಿಇಆರ್‌ಟಿ ಜೀವಶಾಸ್ತ್ರದ ಒಂದು ಪಾಠ ಓದಿದ ಮರುದಿನ ಬಿಳಿ ಹಾಳೆಯಲ್ಲಿ ಅದರ ಚಿತ್ರಗಳನ್ನೂ ಕೋಷ್ಟಕಗಳನ್ನೂ ನೆನಪಿನಿಂದ ಬರೆದು, ಪುಸ್ತಕದೊಂದಿಗೆ ತಾಳೆ ನೋಡಿ. ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ಓದಿ. ಭೌತಶಾಸ್ತ್ರ ಕಷ್ಟವೆಂದು ಜೀವಶಾಸ್ತ್ರದಲ್ಲೇ ಅಡಗಿ ಕೂರುವವರು ಬಹಳ. ರಸಾಯನಶಾಸ್ತ್ರ ಅಷ್ಟು ಸತಾಯಿಸುವುದಿಲ್ಲ. ಮೋಲ್ ಲೆಕ್ಕ, ಸಮತೋಲನ, ವಿದ್ಯುದ್ರಸಾಯನದಿಂದ ದಿನಕ್ಕೆ ಹತ್ತು ಲೆಕ್ಕ ತಪ್ಪದೆ ಮಾಡಿದರೆ ಕೆಲವೇ ತಿಂಗಳಲ್ಲಿ ಫಲ ಕಾಣುತ್ತದೆ. ಕ್ಯಾಲ್ಕುಲೇಟರ್ ಮುಟ್ಟಬೇಡಿ, ಪರೀಕ್ಷೆಯಲ್ಲಿ ಅದಿಲ್ಲ.

ಸಮಯ 180 ನಿಮಿಷ. ಜೀವಶಾಸ್ತ್ರಕ್ಕೆ 50, ರಸಾಯನಕ್ಕೆ 50, ಭೌತಕ್ಕೆ 65, ಉಳಿದ 15 ಬಿಟ್ಟವುಗಳಿಗೆ. ಓಎಂಆರ್ ತುಂಬುವುದನ್ನು ಕೊನೆಗೆ ಇಡದೆ ಪುಟ ಮುಗಿದಂತೆಲ್ಲ ತುಂಬಿ. ಒಮ್ಮೆ ತುಂಬಿದ್ದನ್ನು ಅಳಿಸಲಾಗದು. 2021ರಿಂದ 2024ರವರೆಗಿನ ಪತ್ರಿಕೆಗಳಲ್ಲಿ 200 ಪ್ರಶ್ನೆ ಕೊಟ್ಟು 180 ಬರೆಯಲು ಹೇಳುತ್ತಿದ್ದರು, 2022ರಿಂದ 2024ರವರೆಗೆ ಅದಕ್ಕೆ 200 ನಿಮಿಷ ಕೊಡುತ್ತಿದ್ದರು. ಆ ಪತ್ರಿಕೆಗಳಿಂದ ಅಭ್ಯಾಸ ಮಾಡುವಾಗ ಪ್ರತಿ ವಿಭಾಗದ ‘ಬಿ’ ಭಾಗದಲ್ಲಿ ಮೊದಲ ಹತ್ತನ್ನು ಮಾತ್ರ ತೆಗೆದುಕೊಂಡು, ಗಡಿಯಾರವನ್ನು 180ಕ್ಕೇ ಇಡಿ. ಮಾದರಿ ಪರೀಕ್ಷೆ ಮಧ್ಯಾಹ್ನ 2ರಿಂದ 5ಕ್ಕೇ ಇರಲಿ. ಊಟದ ನಂತರ ನಿದ್ದೆ ಎಳೆಯುವ ಹೊತ್ತಿಗೆ ಮೆದುಳು ಓಡಬೇಕಾಗಿರುವುದು ಆಗಲೇ.

ನಮ್ಮ ಕಡೆ ಈಗಿನಿಂದ ಸೆಪ್ಟೆಂಬರ್‌ವರೆಗೆ ಆನ್‌ಲೈನ್ ತರಗತಿಯನ್ನೇ ನಂಬಿದರೆ ಕೆಟ್ಟಂತೆ. ಆಗುಂಬೆ, ಹೊಸನಗರ, ಬಿದನೂರು ನಗರದ ಕಡೆ ಗಾಳಿ ಮಳೆಗೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಪೇಟೆಗೆ ಬಂದಾಗ ಹಳೆಯ ಪತ್ರಿಕೆಗಳನ್ನು, ಓಎಂಆರ್ ಖಾಲಿ ಹಾಳೆಗಳನ್ನು ಒಮ್ಮೆಗೇ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿಡಿ. ಎನ್‌ಸಿಇಆರ್‌ಟಿ ಪುಸ್ತಕಗಳು ಕಾಗದದಲ್ಲೇ ಇರಲಿ. ಪರೀಕ್ಷೆ ಮೇ ಮೊದಲ ವಾರದ ಸುಮಾರಿಗೆ ಬರುತ್ತದೆ, ಆಗ ಸೆಕೆ ಜೋರು, ಗುಡುಗು ಮಳೆಯೂ ಉಂಟು. ಕೇಂದ್ರದ ಗೇಟು 1:30ಕ್ಕೆ ಮುಚ್ಚುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ಸಾಗರದಿಂದ ಸುಮಾರು 70. ಒಳಹಳ್ಳಿಯವರು ಹಿಂದಿನ ದಿನವೇ ಬಂದು ಉಳಿಯುವುದು ಕ್ಷೇಮ.

ಕನ್ನಡ ಆಯ್ಕೆ ಮಾಡಿದವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪುಸ್ತಿಕೆ ಸಿಗುತ್ತದೆ. ಗೊಂದಲ ಬಂದರೆ ಇಂಗ್ಲಿಷ್‌ನಲ್ಲಿರುವುದೇ ಅಂತಿಮ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರಿಗೆ ಉದ್ದನೆಯ ಹೇಳಿಕೆಗಳ ಪ್ರಶ್ನೆಯಲ್ಲಿ ಇದು ಒಳ್ಳೆಯ ಆಸರೆ.

ದಾಖಲೆಗಳ ಕೆಲಸವನ್ನು ಮಳೆಗಾಲ ಮುಗಿಯಲಿ ಎಂದು ಮುಂದೂಡಬೇಡಿ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ 1ರಿಂದ 10ನೇ ತರಗತಿಯ ಪೂರ್ತಿ ಹತ್ತು ವರ್ಷ ಲೆಕ್ಕಕ್ಕೆ ಬರುತ್ತವೆ. ಹಳ್ಳಿಯ ಶಾಲೆಯಲ್ಲಿ ಏಳು ವರ್ಷ ಓದಿ ಹೈಸ್ಕೂಲಿಗೆ ಪಟ್ಟಣಕ್ಕೆ ಬಂದವರಿಗೆ ಗ್ರಾಮೀಣ ಕೋಟಾ ಸಿಗುವುದಿಲ್ಲ, ಮನೆ ಕಾಡಿನ ನಡುವಿದ್ದರೂ. ಹೈಸ್ಕೂಲನ್ನೂ ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ ಕೋಟಾ ಆಗ ಉಳಿಯುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಮಕ್ಕಳಿಲ್ಲದೆ ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ನಿಮ್ಮದು ಅಂಥ ಶಾಲೆಯಾದರೆ ದಾಖಲಾತಿ ಪುಸ್ತಕ ಯಾವ ಶಾಲೆಗೆ ಹೋಗಿದೆ ಎಂದು ಬಿಇಒ ಕಚೇರಿಯಲ್ಲಿ ಕೇಳಿ. ಹುಡುಕಲು ದಿನ ಹಿಡಿಯುತ್ತದೆ. ಜಾತಿ ಆದಾಯ ಪ್ರಮಾಣಪತ್ರದಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಇನಿಷಿಯಲ್ ಹಿಂದೆಮುಂದೆ ಆಗಿದ್ದರೆ ಈಗಲೇ ನಾಡಕಚೇರಿಯಲ್ಲಿ ತಿದ್ದಿಸಿ, ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ತಪ್ಪಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.