ಸೀಮೆ ಹುಲ್ಲೊಂದೇ ಸಾಲದೇ?

ಹಸು ಕಟ್ಟಿರುವ ಪರಿಚಿತರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಇರುವ ಒಂದು ಎಕರೆ ನೀರಾವರಿಗೆ ಪೂರ್ತಿ ಸೀಮೆ ಹುಲ್ಲು, ಅಂದರೆ ಹೈಬ್ರಿಡ್ ನೇಪಿಯರ್, ನಾಟಿ ಮಾಡಿ ಮೂರು ವರ್ಷ ನಿಶ್ಚಿಂತೆಯಿಂದ ಕೊಯ್ಯುವುದು ಲಾಭವೋ, ಪ್ರತಿ ಹಂಗಾಮಿಗೂ ಉತ್ತು ಮುಸುಕಿನ ಜೋಳ, ಅಲಸಂದೆಗಳನ್ನು ಸರದಿಯ ಮೇಲೆ ಬೆಳೆಯುವುದು ಲಾಭವೋ?

ತೂಕವನ್ನಷ್ಟೇ ನೋಡಿದರೆ ಸೀಮೆ ಹುಲ್ಲಿಗೆ ಎದುರಿಲ್ಲ. ನೀರು, ಗೊಬ್ಬರ ಚೆನ್ನಾಗಿ ಸಿಕ್ಕರೆ ಎಕರೆಗೆ ವರ್ಷಕ್ಕೆ 100 ಟನ್‌ವರೆಗೂ ಬರುತ್ತದೆ. ಆಫ್ರಿಕನ್ ಟಾಲ್ ಎಂಬ ಮೇವಿನ ತಳಿಯ ಮುಸುಕಿನ ಜೋಳ ಒಂದು ಬೆಳೆಗೆ 16ರಿಂದ 20 ಟನ್ ಕೊಡುತ್ತದೆ. ಆದರೆ ಸೀಮೆ ಹುಲ್ಲಿನ ತೂಕದಲ್ಲಿ ನೂರಕ್ಕೆ ಸುಮಾರು 80 ಪಾಲು ಬರೀ ನೀರು, ಉಳಿದ ಒಣ ಅಂಶದಲ್ಲಿ ಪ್ರೋಟೀನ್ ಶೇ. 8ರ ಆಸುಪಾಸು. ಕುದುರೆ ಮೆಂತೆ (ಲೂಸರ್ನ್) ಎಂಬ ದ್ವಿದಳ ಮೇವಿನಲ್ಲಿ ಅದು ಶೇ. 20ರ ಹತ್ತಿರ ಇರುವುದರಿಂದ, ಎಕರೆಗೆ 30 ಟನ್ ಮಾತ್ರ ಬಂದರೂ ಅದರ ಪ್ರೋಟೀನ್ 100 ಟನ್ ಸೀಮೆ ಹುಲ್ಲಿನ ಪ್ರೋಟೀನಿಗೆ ಬಹಳ ಹಿಂದೇನೂ ಬೀಳುವುದಿಲ್ಲ. ಕೊಯ್ದು, ಹೊತ್ತು, ಕತ್ತರಿಸಿ ಗೋದಲಿಗೆ ಹಾಕುವ ಕೂಲಿಯನ್ನು ಲೆಕ್ಕಕ್ಕೆ ಹಿಡಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಗೋದಲಿಯಲ್ಲಿ ಇದನ್ನು ಹೀಗೆ ನೋಡಬಹುದು. ಒಂದು ಹಸುವಿಗೆ ದಿನಕ್ಕೆ 20 ಕಿಲೋ ಸೀಮೆ ಹುಲ್ಲು ಹಾಕಿದರೆ ಸಿಗುವ ಪ್ರೋಟೀನ್ ಸುಮಾರು 320 ಗ್ರಾಂ. ಅದರಲ್ಲಿ 5 ಕಿಲೋ ತೆಗೆದು ಅಷ್ಟೇ ತೂಕದ ಕುದುರೆ ಮೆಂತೆ ಸೇರಿಸಿದರೆ 440 ಗ್ರಾಂ ಆಗುತ್ತದೆ. ಹೆಚ್ಚಾದ ಈ 120 ಗ್ರಾಂ, ಶೇ. 20 ಪ್ರೋಟೀನ್ ಇರುವ ಪಶು ಆಹಾರದ ಅರ್ಧ ಕಿಲೋಗಿಂತ ಹೆಚ್ಚಿನದಕ್ಕೆ ಸಮ. ನಾಲ್ಕು ಹಸುಗಳಿಗೆ ವರ್ಷಕ್ಕೆ 50 ಕಿಲೋದ 17-18 ಮೂಟೆಗಳಷ್ಟು. ಹಿಂಡಿ, ಬೂಸಾದ ಬೆಲೆ ಏರುತ್ತಲೇ ಇರುವಾಗ ಮೇವಿನ ಲಾಭವನ್ನು ಹೊಲದ ಟನ್ನುಗಳಲ್ಲಿ ಅಳೆಯುವುದಕ್ಕಿಂತ ಉಳಿದ ಮೂಟೆಗಳಲ್ಲಿ ಅಳೆಯುವುದೇ ಸರಿ ಎಂದು ನನಗೆ ತೋರುತ್ತದೆ. ಶಕ್ತಿಯ ಅಂಶಕ್ಕೆ ಮುಸುಕಿನ ಜೋಳವೋ ಬೂಸಾವೋ ಬೇಕೇ ಬೇಕು, ಅದನ್ನು ಮೆಂತೆ ತುಂಬಿಕೊಡುವುದಿಲ್ಲ.

ಇನ್ನು ಸರದಿ ಬೆಳೆಯ ಬಲ ನೀರಿನ ವಿಷಯದಲ್ಲಿದೆ. ಸೀಮೆ ಹುಲ್ಲು ಏಪ್ರಿಲ್‌ನಲ್ಲಿಯೂ ನೀರು ಕೇಳುತ್ತದೆ, ನಮ್ಮ ಕೋಲಾರದ ಕಡೆ ಕೊಳವೆಬಾವಿ ಕೈಕೊಡುವುದೂ ಆಗಲೇ. ಜೂನ್‌ನಲ್ಲಿ ಮೂರು ಸಾಲು ಮುಸುಕಿನ ಜೋಳಕ್ಕೆ ಒಂದು ಸಾಲು ಅಲಸಂದೆಯಂತೆ ಬಿತ್ತಿದರೆ ಮಳೆಯೇ ಬಹುಪಾಲು ನೀರು ಕೊಡುತ್ತದೆ. ತೆನೆ ಹಾಲುಗಾಳಾದಾಗ ಕೊಯ್ದು ರಸಮೇವು (ಸೈಲೇಜ್) ಮಾಡಿ ಗಾಳಿಯಾಡದಂತೆ ಮುಚ್ಚಿಟ್ಟರೆ ಬೇಸಿಗೆಗೆ ಒದಗುತ್ತದೆ. ಸಕ್ಕರೆ ಅಂಶ ಕಡಿಮೆ, ನೀರು ಹೆಚ್ಚು ಇರುವ ಸೀಮೆ ಹುಲ್ಲನ್ನು ಬಾಡಿಸದೆ, ಬೆಲ್ಲ ಸೇರಿಸದೆ ಹಾಗೆ ಇಡಲು ಹೋದರೆ ಕೊಳೆಯುವುದೇ ಹೆಚ್ಚು.

ಹೀಗಾಗಿ ನಾಲ್ಕು ಹಸುವಿಗೆ ಒಂದು ಎಕರೆ ಇರುವವರಿಗೆ ನಾನು ಹೇಳುವುದು: 10 ಗುಂಟೆ ಸೀಮೆ ಹುಲ್ಲು, 10 ಗುಂಟೆ ಕುದುರೆ ಮೆಂತೆ, ಉಳಿದ 20 ಗುಂಟೆಯಲ್ಲಿ ಮುಂಗಾರಿಗೆ ಮುಸುಕಿನ ಜೋಳ-ಅಲಸಂದೆ, ಅದರ ನಂತರ ಬಿಳಿಜೋಳ ಅಥವಾ ಓಟ್ಸ್, ನೀರಿದ್ದರೆ ಬೇಸಿಗೆಗೆ ಬರೀ ಅಲಸಂದೆ. ಮುಂಗಾರಿನ ಒಂದು ಕಟಾವಿನಲ್ಲೇ ಸುಮಾರು 8 ಟನ್ ಬರುತ್ತದೆ; ತಲಾ 15 ಕಿಲೋದಂತೆ ನಾಲ್ಕು ಹಸುಗಳಿಗೆ ನಾಲ್ಕು ತಿಂಗಳಿಗೆ ಬೇಕಾದ ರಸಮೇವು 7.2 ಟನ್. ಎಳೆ ಮೆಂತೆಯನ್ನು ಹಸಿದ ಹಸುವಿಗೆ ಒಂದೇ ಸಲ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಇನ್ನೂ ಹೂ ಬಿಡದ ಎಳೆಯ, ಅದರಲ್ಲೂ ನೀರಿಲ್ಲದೆ ಬಾಡಿದ ಬಿಳಿಜೋಳದಲ್ಲಿ ವಿಷವಿರುತ್ತದೆ. ಇವೆರಡನ್ನೂ ಕೊಟ್ಟಿಗೆಯಲ್ಲಿ ಮೇವು ಹಾಕುವ ಪ್ರತಿಯೊಬ್ಬರಿಗೂ ತಿಳಿಸಿಯೇ ಬಿತ್ತನೆಗೆ ಹೊರಡಿ.